ಹಳೆಮನೆಯ ಗೋಡೆ ಬಿರಿದಾಗ

ಹಬ್ಬಕ್ಕೆ ಮುಂಚೆ ಮನೆಗೆ ಬಣ್ಣ ಹೊಡೆಸಲು ಹೊರಟರೆ ಪೇಂಟಿನವರು ಗೋಡೆಯ ಬಿರುಕು ನೋಡಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಪುಟ್ಟಿ ಹಾಕಿ ಮುಚ್ಚಿಬಿಡ್ತೀವಿ ಸಾರ್, ಗೊತ್ತೇ ಆಗಲ್ಲ.’ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವವರೆಗೆ ನಿಜವಾಗಿಯೂ ಗೊತ್ತಾಗುವುದಿಲ್ಲ. ಆಮೇಲೆ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ, ಅದೇ ಬಿರುಕು ಹೊಸ ಬಣ್ಣವನ್ನು ಸೀಳಿಕೊಂಡು ಬರುತ್ತದೆ. ಇನ್ನು ಕೆಲವರು ಕೂದಲೆಳೆಯಷ್ಟು ಗೆರೆ ಕಂಡರೂ ಮನೆಯೇ ಕುಸಿಯುತ್ತದೆಂದು ನಿದ್ದೆಗೆಡುತ್ತಾರೆ. ಮುಚ್ಚುವವರೂ ಹೆದರುವವರೂ ಕೇಳದೆ ಬಿಟ್ಟ ಪ್ರಶ್ನೆ ಒಂದೇ. ಈ ಬಿರುಕು ಬಂದದ್ದು ಎಲ್ಲಿಂದ?

ಗಾರೆ, ಉತ್ತರ ಕರ್ನಾಟಕದವರು ಗಿಲಾವು ಎನ್ನುವುದು, ಗೋಡೆಯ ಮೇಲಿನ ಹೊದಿಕೆ. ಇಟ್ಟಿಗೆ ಗೋಡೆಯ ಮೇಲೆ ಅದರ ದಪ್ಪ ಸಾಧಾರಣವಾಗಿ 12ರಿಂದ 20 ಮಿಲಿಮೀಟರ್. ಮನೆಯ ಭಾರ ಹೊರುವುದು ಅದರ ಕೆಲಸವಲ್ಲ. ಆದರೆ ಭಾರ ಹೊತ್ತ ಗೋಡೆ ಒಂದಿಷ್ಟು ಕದಲಿದರೂ ಮೊದಲು ಬಿರಿಯುವುದು ಅದೇ. ಹಾಗಾಗಿ ಬಿರುಕು ಕಂಡ ಕೂಡಲೇ ಎರಡು ವಿಷಯ ತಿಳಿದುಕೊಳ್ಳಬೇಕು. ಅದು ಗಾರೆಯಲ್ಲೇ ಹುಟ್ಟಿದ್ದೋ, ಹಿಂದಿನ ಗೋಡೆಯಿಂದ ಬಂದದ್ದೋ? ಎಂದೋ ಆಗಿ ನಿಂತುಹೋದದ್ದೋ, ಈಗಲೂ ಬೆಳೆಯುತ್ತಿರುವುದೋ? ಇವೆರಡು ಗೊತ್ತಾದರೆ ರಿಪೇರಿಯ ಮುಕ್ಕಾಲು ಭಾಗ ಮುಗಿದಂತೆ.

ಮೊದಲನೆಯದನ್ನು ಮನೆಯವರೇ ಕಂಡುಕೊಳ್ಳಬಹುದು. ಬಿರುಕಿನ ಆಚೀಚೆ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ, ಹಲಸಿನಹಣ್ಣನ್ನು ತಟ್ಟಿ ನೋಡುವ ಹಾಗೆ. ಗಾರೆ ಗೋಡೆಗೆ ಕಚ್ಚಿಕೊಂಡಿದ್ದರೆ ‘ಟಕ್’ ಎಂಬ ಗಟ್ಟಿ ದನಿ ಬರುತ್ತದೆ. ಬಿಟ್ಟುಕೊಂಡಿದ್ದರೆ ‘ಡಬ್’ ಎಂದು ಪೊಳ್ಳಾಗಿ ಕೇಳುತ್ತದೆ. ಪೊಳ್ಳು ಎಲ್ಲಿಂದ ಎಲ್ಲಿಯವರೆಗೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಎಷ್ಟು ಗಾರೆ ಕೆಡವಬೇಕೆಂಬ ಅಂದಾಜು ಅಲ್ಲೇ ಸಿಗುತ್ತದೆ. ಆಮೇಲೆ ಅದೇ ಗೋಡೆಯ ಇನ್ನೊಂದು ಮಗ್ಗುಲಿಗೆ ಹೋಗಿ ನೋಡಿ. ಅಲ್ಲಿಯೂ ಸರಿಯಾಗಿ ಅದೇ ಜಾಗದಲ್ಲಿ ಗೆರೆಯಿದ್ದರೆ ಸೀಳಿರುವುದು ಗೋಡೆ. ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿಗೆಯ ಸಂದು ಹಿಡಿದು ಹತ್ತಿದ್ದರೂ ಅದೇ ಅರ್ಥ. ಒಂದೇ ಮಗ್ಗುಲಲ್ಲಿ, ಗೊತ್ತುಗುರಿಯಿಲ್ಲದೆ ಬಲೆಯಂತೆ ಹರಡಿದ ಸಣ್ಣ ಗೆರೆಗಳಾದರೆ ಅವು ಗಾರೆಯದೇ.

ಈ ಬಲೆ ಬಿರುಕಿಗೆ ಹೆದರಬೇಕಾಗಿಲ್ಲ. ಸಿಮೆಂಟ್ ಗಾರೆ ಒಣಗುವಾಗ ಕುಗ್ಗುತ್ತದೆ. ಸಿಮೆಂಟ್ ಹೆಚ್ಚು ಹಾಕಿದರೆ ಗಟ್ಟಿಯಾಗುತ್ತದೆಂದು ಕೆಲವರು ತಿಳಿದಿದ್ದಾರೆ, ಆದರೆ ಹೆಚ್ಚಾದಷ್ಟೂ ಕುಗ್ಗುವುದೂ ಹೆಚ್ಚು. ಎಂ-ಸ್ಯಾಂಡಿನಲ್ಲಿ ಧೂಳು ಜಾಸ್ತಿಯಿದ್ದರೂ, ಬಿಸಿಲಿನಲ್ಲಿ ಬಳಿದು ವಾರವಿಡೀ ನೀರು ಹೊಡೆಯದಿದ್ದರೂ ಫಲ ಅದೇ. ಕುಗ್ಗುವಷ್ಟು ಕುಗ್ಗಿದ ಮೇಲೆ ಇವು ನಿಲ್ಲುತ್ತವೆ. ಗಾರೆ ಪೊಳ್ಳಾಗಿರದಿದ್ದರೆ ಪುಟ್ಟಿ ಹಾಕಲು ಅಡ್ಡಿಯಿಲ್ಲ. ಸ್ವಿಚ್‌ಬೋರ್ಡಿನಿಂದ ನೆಟ್ಟಗೆ ಮೇಲೆ ಹೋಗುವ ಗೆರೆಯೂ ಹೀಗೆಯೇ. ಅದು ವೈರಿನ ಪೈಪು ಹೂಳಲು ಗೋಡೆ ಕೊರೆದು ಅವಸರದಲ್ಲಿ ತುಂಬಿದ ಗುರುತು.

ಇನ್ನು ನಿಜವಾದ ಹಳೆಮನೆಗಳ ಮಾತು. 1898ರ ಪ್ಲೇಗಿನ ನಂತರ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಎದ್ದ ಮನೆಗಳು, ಮೈಸೂರಿನ ಅಗ್ರಹಾರದ ಮನೆಗಳು, ಕರಾವಳಿಯ ಮುರಕಲ್ಲಿನ ಮನೆಗಳು, ಧಾರವಾಡ ಸೀಮೆಯ ವಾಡೆಗಳು ಬಹುಪಾಲು ಸುಣ್ಣದ ಗಾರೆಯವು, ಇಲ್ಲವೇ ಮಣ್ಣಿನವು. ಸಿಮೆಂಟು ಸಾಮಾನ್ಯರ ಮನೆಗಳಿಗೆ ಬಂದದ್ದು ಬಹುಮಟ್ಟಿಗೆ ಸ್ವಾತಂತ್ರ್ಯಾನಂತರ. ನಿಮ್ಮ ಗೋಡೆ ಯಾವುದೆಂದು ತಿಳಿಯಬೇಕಾದರೆ ಕಾಣದ ಒಂದು ಮೂಲೆಯಲ್ಲಿ ಬೀಗದಕೈಯಿಂದ ಕೆರೆದು ನೋಡಿ. ಸುಣ್ಣದ ಗಾರೆ ಮಾಸಲು ಬಿಳಿ ಪುಡಿಯಾಗಿ ಉದುರುತ್ತದೆ, ಒಳಗೆ ಅಲ್ಲಲ್ಲಿ ಬಿಳಿಯ ಸುಣ್ಣದ ಹರಳು ಕಾಣುತ್ತವೆ. ಸಿಮೆಂಟ್ ಗಾರೆ ಬೂದುಬಣ್ಣದ್ದು, ಸುಲಭವಾಗಿ ಕೆರೆಯಲು ಬರುವುದಿಲ್ಲ.

ಈ ಎರಡು ಗಾರೆಗಳ ಗುಣ ಪೂರ್ತಿ ಬೇರೆ. ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಸುಮಾರು 900 ಡಿಗ್ರಿ ಕಾವಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಗುಂಡಿಯಲ್ಲಿ ವಾರಗಟ್ಟಲೆ ಕೊಳೆಹಾಕಿ, ಮರಳು ಬೆರೆಸಿ ಎತ್ತಿನ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುವುದೂ ಇತ್ತು. ಗೋಡೆಗೇರಿದ ಮೇಲೆ ಈ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಅದಕ್ಕೆ ತಿಂಗಳುಗಳು ಬೇಕು, ದಪ್ಪ ಗೋಡೆಯೊಳಗೆ ವರ್ಷಗಳೇ ಬೇಕು. ಸಿಮೆಂಟು ನೀರು ಬಿದ್ದ ಕೆಲವೇ ಗಂಟೆಗಳಲ್ಲಿ ಬಿಗಿಯುತ್ತದೆ, ಇಪ್ಪತ್ತೆಂಟು ದಿನಕ್ಕೆ ತನ್ನ ಬಲದ ಹೆಚ್ಚಿನಂಶ ಪಡೆಯುತ್ತದೆ. ಬಿಗಿದ ಮೇಲೆ ಅದು ಬಗ್ಗುವುದಿಲ್ಲ. ಗೋಡೆ ಕದಲಿದರೆ ಸೀಳುತ್ತದೆ.

ಸುಣ್ಣ ಅಷ್ಟಿಷ್ಟು ಬಗ್ಗುತ್ತದೆ. ಅದಕ್ಕಿಂತ ಸೊಗಸಿನ ಇನ್ನೊಂದು ಗುಣವೂ ಅದಕ್ಕಿದೆ. ಕೂದಲೆಳೆ ಬಿರುಕಿಗೆ ತೇವ ಹೊಕ್ಕಾಗ ಗಾರೆಯಲ್ಲಿ ಉಳಿದ ಸುಣ್ಣ ಕರಗಿ, ಬಿರುಕಿನ ಬಾಯಲ್ಲಿ ಮತ್ತೆ ಹೆಪ್ಪುಗಟ್ಟಿ ಅದನ್ನು ತಾನೇ ಮುಚ್ಚುತ್ತದೆ. ನೂರು ವರ್ಷದ ಮನೆ ಪ್ರತಿವರ್ಷ ಚೂರುಪಾರು ಕದಲಿದರೂ ಗೋಡೆ ಮೈಮುರಿಯದೆ ನಿಂತಿರುವುದಕ್ಕೆ ಇದೂ ಒಂದು ಕಾರಣ. ಸುಣ್ಣ ದುರ್ಬಲ ಎಂಬ ಮಾತನ್ನು ನಂಬಬೇಡಿ. 1911ರಲ್ಲಿ ಕಟ್ಟಲು ತೊಡಗಿದ ಕೃಷ್ಣರಾಜಸಾಗರದ ಅಣೆಕಟ್ಟನ್ನು ಕಟ್ಟಿದ್ದು ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಿಂದ.

ಹಳೆಮನೆಗೆ ಸುಣ್ಣ ಇನ್ನೂ ದೊಡ್ಡ ಉಪಕಾರ ಮಾಡುವುದು ನೀರಿನ ವಿಷಯದಲ್ಲಿ. ಆ ಕಾಲದ ಬಹುತೇಕ ಗೋಡೆಗಳ ಬುಡದಲ್ಲಿ ತೇವ ತಡೆಯುವ ಪದರವಿಲ್ಲ. ನೆಲದ ನೀರು ಪಾಯದಿಂದ ಗೋಡೆಯೊಳಗೆ ಏರುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ, ಗೋಡೆ ಒದ್ದೆಯಾದಂತೆ ಒಣಗುತ್ತಲೂ ಇರುತ್ತದೆ. ಈಗ ಅದೇ ಗೋಡೆಯ ಹಳೆ ಗಾರೆ ಕೆತ್ತಿ ಸಿಮೆಂಟ್ ಗಾರೆ ಹಾಕಿ, ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ತೇವಕ್ಕೆ ದಾರಿ ಇಲ್ಲವಾಗುತ್ತದೆ. ಅದು ಗೋಡೆಯೊಳಗೇ ಇನ್ನಷ್ಟು ಮೇಲೇರಿ ಸೊಂಟದೆತ್ತರದಲ್ಲೋ ಎದೆಯೆತ್ತರದಲ್ಲೋ ಹೊರಬೀಳುತ್ತದೆ. ನೀರಿನೊಂದಿಗೆ ಬಂದ ಉಪ್ಪು ಗಾರೆಯ ಬೆನ್ನಿಗೆ ಹರಳುಗಟ್ಟಿ ಒಳಗಿನಿಂದ ನೂಕುತ್ತದೆ. ಗಾರೆ ಹಪ್ಪಳೆಯಾಗಿ ಎದ್ದು, ಸುತ್ತ ಬಿರಿದು, ಒಂದು ದಿನ ಹಲಗೆಯಂತೆ ಕಳಚಿ ಬೀಳುತ್ತದೆ. ಜೊತೆಗೆ ಹಿಂದಿನ ಮೆತ್ತನೆಯ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬರುತ್ತದೆ. ಮನೆಯವರು ‘ಕೆಲಸ ಸರಿ ಮಾಡಲಿಲ್ಲ’ ಎಂದು ಮೇಸ್ತ್ರಿಯನ್ನು ಬೈದು ಇನ್ನೂ ಗಟ್ಟಿಯಾದ ಸಿಮೆಂಟ್ ಗಾರೆ ಹಾಕಿಸುತ್ತಾರೆ. ಹಳೆಮನೆಗಳಲ್ಲಿ ಇಂದು ಕಾಣುವ ಎಷ್ಟೋ ಬಿರುಕುಗಳು ಮನೆಯ ವಯಸ್ಸಿನಿಂದ ಬಂದವಲ್ಲ, ರಿಪೇರಿಯಿಂದ ಬಂದವು. ಈ ಒಂದು ವಿಷಯದಲ್ಲಿ ನನಗೆ ಎರಡು ಮಾತಿಲ್ಲ: ಸುಣ್ಣದ ಗೋಡೆಗೆ, ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಹಾಕಬಾರದು.

ಹಾಗಾದರೆ ಏನು ಮಾಡಬೇಕು? ಪೊಳ್ಳಾದ ಭಾಗವನ್ನಷ್ಟೇ ಕೆಡವಿ, ಇಟ್ಟಿಗೆಯ ಸಂದನ್ನು ಅರ್ಧ ಅಂಗುಲದಷ್ಟು ಕೆರೆದು, ಧೂಳು ತೊಳೆದು, ಗೋಡೆಗೆ ಚೆನ್ನಾಗಿ ನೀರು ಕುಡಿಸಿ, ಸುಣ್ಣದ ಗಾರೆಯನ್ನೇ ತೆಳುವಾಗಿ ಎರಡು ಮೂರು ವರಸೆ ಬಳಿಯಬೇಕು. ಒಂದು ವರಸೆ ಬಿಗಿಯುವ ತನಕ ಮುಂದಿನದಕ್ಕೆ ಕೈಹಾಕಬಾರದು. ಬಿಸಿಲು ಬೀಳುವ ಗೋಡೆಗೆ ಒದ್ದೆ ಗೋಣಿತಾಟು ಇಳಿಬಿಡಬೇಕು. ಇದು ಅವಸರದ ಕೆಲಸವಲ್ಲ, ದಿನಗೂಲಿಯ ಲೆಕ್ಕದಲ್ಲಿ ದುಬಾರಿಯೂ ಹೌದು. ಸುಣ್ಣ ಕಲಸಿ ಬಳಿಯಬಲ್ಲ ಗಾರೆಯವರು ಕಡಿಮೆಯಾಗಿದ್ದಾರೆ. ಆದರೆ ಇಲ್ಲವಾಗಿಲ್ಲ. ಹಳೆಯ ದೇವಸ್ಥಾನ, ಅರಮನೆ, ಮಠಗಳ ಜೀರ್ಣೋದ್ಧಾರದ ಕೆಲಸ ಮಾಡಿದವರನ್ನು ಕೇಳಿಕೊಂಡು ಹೋದರೆ ಸಿಗುತ್ತಾರೆ. ಮೇಲಿನ ಬಣ್ಣಕ್ಕೂ ಸುಣ್ಣವೇ ಲೇಸು.

ಆರ್‌ಸಿಸಿ ಚಾವಣಿಯ ಮನೆಗಳಿಗೂ ಈಗ ನಲವತ್ತು ಐವತ್ತು ವರ್ಷವಾಗಿ ಅವೂ ಹಳೆಮನೆಗಳ ಸಾಲಿಗೆ ಸೇರಿವೆ. ಅವುಗಳಲ್ಲಿ ಎಲ್ಲರನ್ನೂ ಗಾಬರಿಗೊಳಿಸುವ ಬಿರುಕು ಮೇಲಿನ ಮಹಡಿಯಲ್ಲಿ, ಚಾವಣಿ ಗೋಡೆಯನ್ನು ಸೇರುವ ಜಾಗದಲ್ಲಿ ಅಡ್ಡಡ್ಡ ಹೋಗುವ ನೇರ ಗೆರೆ. ಚಾವಣಿ ಜಾರುತ್ತಿದೆಯೋ ಏನೋ ಎಂಬ ಭಯ. ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡೋಣ. ಕಾಂಕ್ರೀಟು ಒಂದು ಡಿಗ್ರಿ ಬಿಸಿಯೇರಿದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ಹತ್ತು ಪಾಲು ಹಿಗ್ಗುತ್ತದೆ. ಹತ್ತು ಮೀಟರ್ ಉದ್ದದ ಚಾವಣಿ ಬೆಳಗಿನ ಜಾವಕ್ಕಿಂತ ನಡುಮಧ್ಯಾಹ್ನ 20 ಡಿಗ್ರಿ ಹೆಚ್ಚು ಕಾದರೆ 2 ಮಿಲಿಮೀಟರ್ ಹಿಗ್ಗುತ್ತದೆ. ಇಟ್ಟಿಗೆ ಗೋಡೆ ಅಷ್ಟೇ ಕಾದರೂ ಹಿಗ್ಗುವುದು ಸುಮಾರು ಅರ್ಧ. ಬಿಸಿಲು ನೇರವಾಗಿ ಬೀಳುವುದು ಚಾವಣಿಯ ಮೇಲಾದ್ದರಿಂದ ಗೋಡೆ ಅಷ್ಟು ಕಾಯುವುದೂ ಇಲ್ಲ. ಅಂದರೆ ಪ್ರತಿದಿನ ಚಾವಣಿ ಗೋಡೆಯ ತಲೆಯ ಮೇಲೆ ಒಂದು ಮಿಲಿಮೀಟರಿಗೂ ಹೆಚ್ಚು ಸರಿದು, ರಾತ್ರಿ ಹಿಂದಕ್ಕೆ ಬರುತ್ತದೆ. ಇವೆರಡರ ಮೇಲೂ ಒಟ್ಟಾಗಿ ಬಳಿದ ಗಾರೆ ಸೀಳದೆ ಏನು ಮಾಡೀತು?

ಇದನ್ನು ಎಷ್ಟು ಸಲ ತುಂಬಿದರೂ ವ್ಯರ್ಥ. ಒಳ್ಳೆಯ ಮೇಸ್ತ್ರಿ ಆ ಜಾಗದಲ್ಲಿ ಚಾವಣಿಯ ಗಾರೆಗೂ ಗೋಡೆಯ ಗಾರೆಗೂ ನಡುವೆ ನೇರವಾದ ಒಂದು ಸಣ್ಣ ಗೀರು ಎಳೆದು ಬಿಡುತ್ತಾರೆ. ಬಿರುಕು ಆ ಗೆರೆಯೊಳಗೇ ಅಡಗಿಕೊಳ್ಳುತ್ತದೆ, ಕಣ್ಣಿಗೂ ಕೆಟ್ಟದಾಗಿ ಕಾಣುವುದಿಲ್ಲ. ಅದರ ಜೊತೆಗೆ ತಾರಸಿಯ ಮೇಲೆ ಬಿಸಿಲನ್ನು ಹಿಂದಕ್ಕೆಸೆಯುವ ಬಿಳಿ ಬಣ್ಣ ಹಚ್ಚಿದರೆ ಹಿಗ್ಗುವುದೇ ಕಡಿಮೆಯಾಗುತ್ತದೆ, ಮನೆಯೂ ತಂಪು. ಕಾಂಕ್ರೀಟ್ ಕಂಬ ಮತ್ತು ಇಟ್ಟಿಗೆ ಗೋಡೆ ಕೂಡುವಲ್ಲಿ ಉದ್ದಕ್ಕೆ ಬರುವ ಬಿರುಕಿನ ಕತೆಯೂ ಇದೇ. ಅಲ್ಲಿ ಎರಡೂ ಬದಿಗೆ ಚಾಚುವಂತೆ ತಂತಿಯ ಜಾಲರಿ ಹೊಡೆದು ಗಾರೆ ಮಾಡುವುದು ವಾಡಿಕೆ.

ಆರ್‌ಸಿಸಿ ಮನೆಯಲ್ಲಿ ನಿಜಕ್ಕೂ ಗಾಬರಿಪಡಬೇಕಾದ ಬಿರುಕು ಬೇರೆ. ಸಜ್ಜಾದ ತಳದಲ್ಲಿ, ಚಾವಣಿಯ ಕೆಳಗೆ, ತೊಲೆಯ ಉದ್ದಕ್ಕೆ ಕಂಬಿ ಎಲ್ಲಿ ಹೋಗಿದೆಯೋ ಅದೇ ದಾರಿಯಲ್ಲಿ ನೇರ ಗೆರೆ ಬಂದು, ಕಂದು ಕಲೆ ಇಳಿದಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಉಪ್ಪುಗಾಳಿಯ ಕಾರವಾರ, ಉಡುಪಿ, ಮಂಗಳೂರು ಕಡೆ ಇದು ಬೇಗ ಆಗುತ್ತದೆ. ಮೇಲೆ ಗಾರೆ ಮೆತ್ತಿದರೆ ಏನೂ ಪ್ರಯೋಜನವಿಲ್ಲ. ಸಡಿಲ ಕಾಂಕ್ರೀಟ್ ಕೆತ್ತಿ, ಕಂಬಿಯ ತುಕ್ಕು ಉಜ್ಜಿ ತೆಗೆದು, ಸವೆದ ಕಡೆ ಹೊಸ ಕಂಬಿ ಕೂಡಿಸಿ, ಮತ್ತೆ ಕಾಂಕ್ರೀಟ್ ತುಂಬಬೇಕು. ತಡಮಾಡಿದಷ್ಟೂ ಖರ್ಚು, ಅಪಾಯ ಎರಡೂ ಹೆಚ್ಚು.

ಕಿಟಕಿಯ ಮೂಲೆಯಿಂದ, ಬಾಗಿಲ ತಲೆಯಿಂದ ಓರೆಯಾಗಿ ಹೊರಟ ಬಿರುಕು ಮಾತ್ರ ನೆಲದ ಸುದ್ದಿ ಹೇಳುತ್ತಿರುವ ಸಾಧ್ಯತೆ ಹೆಚ್ಚು. ಗೋಡೆಯಲ್ಲಿ ತೆರಪು ಇರುವಲ್ಲಿ ಬಲ ಕಡಿಮೆ, ಹಾಗಾಗಿ ಎಳೆತವೆಲ್ಲ ಮೂಲೆಗೆ ಬಂದು ಸೇರುತ್ತದೆ. ಪಾಯದ ಒಂದು ಭಾಗ ಕುಸಿದು ಇನ್ನೊಂದು ನಿಂತಲ್ಲೇ ನಿಂತರೆ ಗೋಡೆ ಓರೆಯಾಗಿ ಸೀಳುತ್ತದೆ. ಅದನ್ನು ಓದುವ ಬಗೆ ಇದು: ಓರೆ ಬಿರುಕಿನ ಮೇಲಿನ ತುದಿ ಯಾವ ಕಡೆಗೆ ವಾಲಿದೆಯೋ ಸಾಮಾನ್ಯವಾಗಿ ಆ ಕಡೆಯ ನೆಲ ಕುಸಿದಿದೆ. ಮೂಲೆ ಕುಸಿದಿದ್ದರೆ ಬಿರುಕು ಮೇಲೆ ಅಗಲ, ಕೆಳಗೆ ಕಿರಿದು. ಗೋಡೆಯ ನಡುಭಾಗ ಕುಸಿದಿದ್ದರೆ ಅನೇಕ ವೇಳೆ ಕೆಳಗೆ ಅಗಲ. ಆಮೇಲೆ ಹೊರಗೆ ಹೋಗಿ ಆ ಜಾಗದ ನೆಲ ನೋಡಿ. ಒಡೆದ ಬಚ್ಚಲು ಪೈಪು, ಗೋಡೆಯ ಬುಡಕ್ಕೇ ಸುರಿಯುವ ತಾರಸಿ ನೀರು, ಮುಚ್ಚಿಹೋದ ಹಳೆ ಬಾವಿ, ಬುಡದಲ್ಲೇ ಬೆಳೆದ ಮರ ಇವುಗಳಲ್ಲಿ ಒಂದು ಸಿಗುವುದು ಅಪರೂಪವೇನಲ್ಲ.

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ರಾಯಚೂರು ಕಡೆಯ ಎರೆಭೂಮಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಹೊಲ ಬಿರಿದು ಕೈ ಇಳಿಯುವಷ್ಟು ಬಾಯಿ ಬಿಡುವುದನ್ನೂ, ಮಳೆ ಬಿದ್ದೊಡನೆ ಉಬ್ಬಿ ಕೂಡಿಕೊಳ್ಳುವುದನ್ನೂ ಕಂಡವರು ಅವರು. ಅದೇ ಮಣ್ಣು ಮನೆಯ ಪಾಯದ ಕೆಳಗೂ ಇದೆ. ಸುಮಾರು ಮೂರೂವರೆ ಮೀಟರ್ ಆಳದವರೆಗೂ ಅದು ಋತುಮಾನಕ್ಕೆ ಹಿಗ್ಗಿ ಕುಗ್ಗಬಲ್ಲದು. ಹಳೆಮನೆಗಳ ಪಾಯ ಅಷ್ಟು ಆಳಕ್ಕೆ ಹೋಗಿರುವುದಿಲ್ಲ. ಮನೆಯ ನಡುಭಾಗದ ಕೆಳಗಿನ ಮಣ್ಣು ನೆರಳಲ್ಲಿ ತೇವ ಉಳಿಸಿಕೊಂಡರೆ, ಬಿಸಿಲಿಗೆ ಒಡ್ಡಿದ ಮೂಲೆಗಳ ಮಣ್ಣು ಒಣಗಿ ಇಳಿಯುತ್ತದೆ. ಹಾಗಾಗಿ ಇಲ್ಲಿನ ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕಿರಿದಾಗುತ್ತದೆ. ಒಂದು ಮೂಲೆಯಲ್ಲಿ ಮಾತ್ರ ಬಚ್ಚಲು ನೀರು ಇಂಗುತ್ತಿದ್ದರೆ ಆ ಮೂಲೆ ವರ್ಷವಿಡೀ ಉಬ್ಬಿಯೇ ಇದ್ದು ತೊಂದರೆ ಇಮ್ಮಡಿಸುತ್ತದೆ. ಇಂಥ ಮನೆಗೆ ಗೋಡೆಯ ರಿಪೇರಿಗಿಂತ ಮೊದಲು ನೀರಿನ ರಿಪೇರಿ ಆಗಬೇಕು. ಮನೆಯ ಸುತ್ತ ಹೊರಮುಖ ಇಳಿಜಾರಿನ ಫರಸಿ ಹಾಸಿ, ಬಚ್ಚಲು ಮತ್ತು ತಾರಸಿಯ ನೀರನ್ನು ದೂರ ಸಾಗಿಸಿ, ಹೊಸ ಮರ ನೆಡುವಾಗ ಅದು ಬೆಳೆಯುವ ಎತ್ತರದಷ್ಟಾದರೂ ಅಂತರ ಬಿಡಿ. ಪಾಯದ ಕೆಳಗಿನ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರೆ ಗೋಡೆಯೂ ತಣ್ಣಗಿರುತ್ತದೆ. ಹೊಸ ಮನೆ ಕಟ್ಟುವವರಿಗೆ ಎರೆಭೂಮಿಗೆಂದೇ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡ ಉಬ್ಬಿದ ಪೈಲ್ ಪಾಯದ ದಾರಿಯಿದೆ.

ಹಳೆಮನೆಗೆ ಆಮೇಲೆ ಕೂಡಿಸಿದ ಕೋಣೆಯ ಬಗ್ಗೆ ಒಂದು ಮಾತು. ಹಳೆ ಗೋಡೆಗೆ ಹೊಸ ಗೋಡೆ ತಾಗಿಸಿ ಕಟ್ಟಿದಲ್ಲಿ ಮೇಲಿಂದ ಕೆಳತನಕ ಉದ್ದ ಬಿರುಕು ಬಂದೇ ಬರುತ್ತದೆ. ಹಳೆಯದು ಕೂರುವಷ್ಟು ಕೂತಾಗಿದೆ, ಹೊಸದು ಈಗ ಕೂರುತ್ತಿದೆ. ಎರಡು ಮೂರು ವರ್ಷ ಬಿಟ್ಟು, ಬಗ್ಗುವ ಸೀಲೆಂಟ್ ತುಂಬಿದರೆ ಸಾಕು. ಆದರೆ ಪಕ್ಕದ ನಿವೇಶನದಲ್ಲಿ ಹಳೆಮನೆ ಕೆಡವಿ ಸೆಲ್ಲಾರಿಗೆ ಅಗೆಯುತ್ತಿದ್ದಾರೆಂದಾದರೆ, ಬೆಂಗಳೂರಿನಲ್ಲಿ ಇದು ಈಗ ಬೀದಿ ಬೀದಿಯ ಸಂಗತಿ, ತಕ್ಷಣ ನಿಮ್ಮ ಮನೆಯ ಪ್ರತಿ ಗೋಡೆಯ ಫೋಟೋ ದಿನಾಂಕ ಸಮೇತ ತೆಗೆದಿಡಿ. ಅಗೆತ ಶುರುವಾದ ಮೇಲೆ ಬಂದ ಬಿರುಕು ಯಾವುದು, ಮೊದಲಿದ್ದದ್ದು ಯಾವುದು ಎಂಬ ವಾದಕ್ಕೆ ಆ ಫೋಟೋಗಳೇ ಸಾಕ್ಷಿ.

ಮದ್ರಾಸ್ ತಾರಸಿಯ ಮನೆಗಳಲ್ಲಿ ತಲೆಯೆತ್ತಿ ನೋಡುವುದನ್ನೂ ಮರೆಯಬಾರದು. ಅಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಚಾವಣಿ ಕೂತಿರುತ್ತದೆ. ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಜಾಗದಲ್ಲಿ ತೇವ ತಗಲಿದರೆ, ಗೆದ್ದಲು ಸೇರಿದರೆ ತೊಲೆ ತಗ್ಗುತ್ತದೆ, ಅದರ ಮಗ್ಗುಲಲ್ಲೇ ಚಾವಣಿಯ ಗಾರೆ ಬಿರಿಯುತ್ತದೆ. ಇಂಥ ತಾರಸಿಯ ಮೇಲೆ ಸಾವಿರ ಲೀಟರಿನ ಟ್ಯಾಂಕ್ ಇಟ್ಟು ತುಂಬಿಸುವುದೆಂದರೆ ಒಂದು ಟನ್ ಭಾರ ಹೇರಿದಂತೆ. ಕಟ್ಟಿದವರು ಆ ಲೆಕ್ಕ ಹಿಡಿದಿರಲಿಲ್ಲ.

ಇನ್ನು ಎರಡನೆಯ ಪ್ರಶ್ನೆ, ಬಿರುಕು ಇನ್ನೂ ಬೆಳೆಯುತ್ತಿದೆಯೇ? ಇದಕ್ಕೆ ಯಂತ್ರ ಬೇಡ, ತಾಳ್ಮೆ ಬೇಕು. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಅತಿ ಅಗಲವಾದ ಕಡೆ ಸ್ಕೇಲ್ ಹಿಡಿದು ಫೋಟೋ ತೆಗೆಯಿರಿ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ಬದಿ ಗಟ್ಟಿಯಾಗಿ ಅಂಟಿಸಿಡುವುದು ಹಳೆಯ ಎಂಜಿನಿಯರುಗಳ ಪದ್ಧತಿ, ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಮಳೆ, ಚಳಿ, ಬೇಸಿಗೆ ಮೂರೂ ಕಳೆಯುವಂತೆ ಒಂದು ಪೂರ್ತಿ ವರ್ಷ ನೋಡಬೇಕು. ಬಾಗಿಲುಗಳನ್ನೂ ಗಮನಿಸಿ. ಆಷಾಢದಲ್ಲಿ ಬಾಗಿಲು ಬಿಗಿಯಾದರೆ ಮರ ತೇವಕ್ಕೆ ಉಬ್ಬಿದೆ ಎಂದಷ್ಟೇ ತಿಳಿಯಬಹುದು. ಚೈತ್ರದ ಒಣಹವೆಯಲ್ಲೂ ಬಾಗಿಲು ಸಿಕ್ಕಿಕೊಂಡು, ತಲೆಯ ಮೇಲಿನ ಸಂದು ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಕಂಡರೆ ಚೌಕಟ್ಟು ವಾಲಿದೆ.

ಅಗಲದ ವಿಷಯದಲ್ಲಿ ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆ ಮಾಡಿದ ಒಂದು ವರ್ಗೀಕರಣವನ್ನು ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ. ಒಂದು ಮಿಲಿಮೀಟರ್ ತನಕದ ಬಿರುಕು ಬಣ್ಣ ಹೊಡೆಸುವಾಗ ಸರಿಮಾಡಿಕೊಳ್ಳುವಂಥದ್ದು. 5 ಮಿಲಿಮೀಟರ್ ತನಕದ್ದು ಸಣ್ಣ ಹಾನಿ. 5ರಿಂದ 15ರದ್ದಾದರೆ ಗೋಡೆ ಬಿಚ್ಚಿ ರಿಪೇರಿ ಮಾಡಬೇಕು. 15ರಿಂದ 25 ಮುಟ್ಟಿದರೆ ಗೋಡೆಯ ಭಾಗಗಳನ್ನೇ ಮತ್ತೆ ಕಟ್ಟಬೇಕಾಗಬಹುದು. 25 ದಾಟಿದರೆ ಕಟ್ಟಡ ನಿಲ್ಲುವುದೇ ಪ್ರಶ್ನೆ. ಆದರೆ ಅಗಲವೊಂದನ್ನೇ ನಂಬಿ ಕೂರಬೇಡಿ. ವರ್ಷದಿಂದ ಮಿಸುಕದ 4 ಮಿಲಿಮೀಟರ್ ಬಿರುಕಿಗಿಂತ ತಿಂಗಳಲ್ಲಿ ಎರಡರಷ್ಟಾದ 2 ಮಿಲಿಮೀಟರ್ ಬಿರುಕು ಹೆಚ್ಚು ಅಪಾಯದ್ದು.

ಕೆಲವಕ್ಕೆ ವರ್ಷ ಕಾಯುವಂತೆಯೇ ಇಲ್ಲ. ಗೋಡೆ ಹೊಟ್ಟೆ ಬಂದಂತೆ ಉಬ್ಬಿದ್ದರೆ, ತೂಗುಗುಂಡು ಬಿಟ್ಟಾಗ ಹೊರಕ್ಕೆ ವಾಲಿದ್ದು ಕಂಡರೆ, ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ಮುಂದೆ ಬಂದಿದ್ದರೆ, ತೊಲೆಯ ತುದಿ ಗೋಡೆಯಿಂದ ಜಾರುತ್ತಿದ್ದರೆ ಕೂಡಲೇ ಎಂಜಿನಿಯರನ್ನು ಕರೆಯಬೇಕು. ಕಲಬುರಗಿ, ಬೀದರ್, ವಿಜಯಪುರ ಕಡೆಯ ದಪ್ಪ ಕಲ್ಲಿನ ಹಳೆಗೋಡೆಗಳಲ್ಲಿ ಒಳಗೊಂದು ಹೊರಗೊಂದು ಕಲ್ಲಿನ ಸಾಲಿದ್ದು ನಡುವೆ ಮಣ್ಣು, ಚೂರುಕಲ್ಲು ತುಂಬಿರುತ್ತದೆ. ಎರಡನ್ನೂ ಕಚ್ಚಿ ಹಿಡಿಯುವ ಅಡ್ಡಕಲ್ಲು ಇಲ್ಲದಿದ್ದರೆ ಸಾಲುಗಳು ಬೇರ್ಪಟ್ಟು ಗೋಡೆ ಉಬ್ಬುತ್ತದೆ. ಅಂಥ ಗೋಡೆಗಳು ಏನು ಮಾಡಬಲ್ಲವೆಂದು 1993ರ ಸೆಪ್ಟೆಂಬರ್ 30ರ ಲಾತೂರ್ ಭೂಕಂಪ ನೆರೆಯಲ್ಲೇ ತೋರಿಸಿದೆ.

ಕರೆಯುವಾಗ ಹಳೆಯ ಕಟ್ಟಡಗಳಲ್ಲಿ ಕೆಲಸ ಮಾಡಿ ಗೊತ್ತಿರುವ ಸ್ಟ್ರಕ್ಚರಲ್ ಎಂಜಿನಿಯರನ್ನೇ ಕರೆಯಿರಿ. ಕಾಂಕ್ರೀಟ್ ಕಟ್ಟಡ ಮಾತ್ರ ಬಲ್ಲವರು ಸುಣ್ಣದ ಮನೆ ನೋಡಿದೊಡನೆ ‘ಕೆಡವಿಬಿಡಿ’ ಎನ್ನುವುದುಂಟು. ಸರಿಯಾಗಿ ನೋಡಬಲ್ಲವರು ನೋಡಿದರೆ ಉಳಿಸಿಕೊಳ್ಳಬಹುದಾದ ಮನೆಗಳು ಬಹಳ. ತಾರೀಖು ಹಾಕಿದ ಫೋಟೋಗಳನ್ನು, ಬಚ್ಚಲು ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ಕೋಣೆ ಯಾವಾಗ ಕೂಡಿಸಿದ್ದು ಎಂಬ ವಿವರಗಳನ್ನು ಅವರ ಮುಂದಿಡಿ. ಅವರು ಬಂದು ನೋಡಿ ಹೇಳುವ ತನಕ ಉಬ್ಬಿದ ಗೋಡೆಯ ಪಕ್ಕ ಮಂಚ, ತೊಟ್ಟಿಲು ಹಾಕಬೇಡಿ, ಸೀಳಿದ ಸಜ್ಜಾದ ಕೆಳಗೆ ಮಕ್ಕಳನ್ನು ಆಡಲು ಬಿಡಬೇಡಿ.